ಕಿಟಕಿ ಪಕ್ಕದ ಬೆಚ್ಚಗಿನ ಕುರ್ಚಿ

ನೊಂದು ಎದ್ದುಹೋದವರ ಕುರ್ಚಿ, ಅವರಿಗೆ ಮರಳಿ ಬರುವ ಮನಸ್ಸಿರುವವರೆಗೂ ಬೆಚ್ಚಗಿರುತ್ತದೆ. ಎಲ್ಲ ಊರುಗಳಲ್ಲೂ ಹಾಗೆಯೇ. ಹುಬ್ಬಳ್ಳಿಯ ಕೋಡಿಂಗ್ ಬಳಗದಲ್ಲಿ ಅದಕ್ಕೊಂದು ಕಟ್ಟಳೆಯೂ ಇತ್ತು: ಬೆಚ್ಚಗಿನ ಕುರ್ಚಿಯಲ್ಲಿ ಯಾರೂ ಕೂರಬಾರದು, ನೋಯಿಸಿದವರೇ ಹೋಗಿ ಕರೆತರಬೇಕು.

ಕಿಟಕಿ ಪಕ್ಕದ್ದು ಸುಗಂಧಾಳದು. ಬಂದ ಮೊದಲ ಭಾನುವಾರವೇ ಅವಳು, “ನಾ ಬರೆದ ಕೋಡ್ ಎಲ್ಲಿ ಉಳೀತದ್ರಿ?” ಎಂದು ಕೇಳಿದ್ದಳು. ಬಳಗದ ಹಳಬ ಗುರುಸಿದ್ಧ ಎಲ್ಲರೆದುರು ನಕ್ಕಿದ್ದ. “ಇಷ್ಟೂ ಗೊತ್ತಿಲ್ಲೇನ್ರಿ? ಮತ್ತ ಇಲ್ಲಿಗ್ಯಾಕ ಬಂದ್ರಿ?” ಅವಳು ಎದ್ದುಹೋದವಳು ಮತ್ತೆ ಬಂದಿರಲಿಲ್ಲ.

ಆಮೇಲೆ ಪ್ರತಿ ವಾರವೂ ಅವನು ಆ ಕುರ್ಚಿಯನ್ನು ಮುಟ್ಟಿ ನೋಡುತ್ತಿದ್ದ. ಬೆಚ್ಚಗಿರುತ್ತಿತ್ತು. ಮುಂದಿನ ವಾರ ಹೋದರಾಯಿತು ಎಂದುಕೊಳ್ಳುತ್ತಿದ್ದ. ಅವಳ ಮನೆಯೇನು ದೂರವಲ್ಲ, ಪಕ್ಕದ ಓಣಿ.

ಇವತ್ತು ಸಭೆ ಮುಗಿದ ಕೂಡಲೇ ಹೋಗಿ ಕ್ಷಮೆ ಕೇಳಲೇಬೇಕೆಂದು ಗಟ್ಟಿ ಮನಸ್ಸು ಮಾಡಿ ಬಂದವನು ಅಭ್ಯಾಸದಂತೆ ಕುರ್ಚಿಯ ಮೇಲೆ ಕೈಯಿಟ್ಟ. ತಣ್ಣಗಿತ್ತು.

ಸಭೆ ನಡೆಸುವ ಪದ್ಮಕ್ಕನೂ ಮುಟ್ಟಿ ನೋಡಿದಳು. “ಇನ್ನ ಇದರಾಗ ಯಾರರ ಕೂಡಬಹುದು,” ಎಂದಳು, ಅವನ ಮುಖ ನೋಡದೆ.

ಹೊಸದಾಗಿ ಬಂದಿದ್ದ ಹೆಂಗಸೊಬ್ಬರು ಅದರಲ್ಲಿ ಕೂತರು. ಅಂಜುತ್ತಲೇ ಕೇಳಿದರು: “ಬರೆದ ಕೋಡ್ ಎಲ್ಲಿ ಉಳೀತದ್ರಿ?”

ಗುರುಸಿದ್ಧ ಅವರ ಪಕ್ಕ ನೆಲದ ಮೇಲೆ ಕೂತು, ನಿಧಾನವಾಗಿ ಬಿಡಿಸಿ ಹೇಳಿದ. ಅವನ ಕೈಯಲ್ಲಿದ್ದ ಚಹಾ ಆರುವ ಮೊದಲೇ ಉತ್ತರ ಮುಗಿದುಹೋಗಿತ್ತು.