ತೊಟ್ಟಿಯ ಬಾಳೆ ಮೀನು

ಆಸ್ಪತ್ರೆಯ ಔಷಧಿಗಳು ಯಾವ ನಂಜಿಗೂ ನಾಟದಂತಾದ ಮೇಲೆ ಹೊಳೆದಂಡೆಯ ಮನೆಯವರೆಲ್ಲ ತೊಟ್ಟಿಯಲ್ಲಿ ಬಾಳೆ ಮೀನು ಸಾಕುತ್ತಿದ್ದರು. ಗಾಯವಾದರೆ ಅದರ ಮೈಮೇಲಿನ ಲೋಳೆಯನ್ನು ಚಮಚದಿಂದ ಕೆರೆದು ಹಚ್ಚುತ್ತಿದ್ದರು. ಒಳಗಿನ ಜ್ವರಕ್ಕೆ ನರ್ಸಮ್ಮ ಅದನ್ನೇ ಸೋಸಿ ಸೂಜಿಯಲ್ಲಿ ಕೊಡುತ್ತಿದ್ದಳು.

ಬಲೆಯ ತಂತಿ ತಗುಲಿ ಯಂಕೋಬನ ಕೈ ಕೊಳೆಯತೊಡಗಿದಾಗ ಹೆಂಡತಿ ಹುಲಿಗೆಮ್ಮ ದಿನಾ ಲೋಳೆ ಕೆರೆದಳು. ಲೋಳೆ ಹೋದಂತೆಲ್ಲ ಮೀನಿನ ಮೈಗೇ ಬೂಷ್ಟು ಹತ್ತಿತು. ಇನ್ನೊಂದು ಸಲ ಕೆರೆದರೆ ಅದು ಉಳಿಯುವಂತಿರಲಿಲ್ಲ.

ಅಂಥ ಹೊತ್ತಿನಲ್ಲಿ ಪಕ್ಕದ ಮನೆಯ ರಿಹಾನಾ ಬಟ್ಟಲು ಹಿಡಿದು ಬಂದಳು. ಅವಳ ಮಗಳಿಗೆ ಹೆರಿಗೆಯಾಗಿ ಜ್ವರ ಏರಿತ್ತು. ಅವರ ಮನೆಯ ಮೀನು ಆಗಲೇ ಸತ್ತಿತ್ತು; ಬೇರೆ ಯಾರ ತೊಟ್ಟಿಯಲ್ಲೂ, ಹೊಳೆಯಲ್ಲೂ ಬಾಳೆ ಮೀನು ಉಳಿದಿರಲಿಲ್ಲ.

"ಇರೋದು ಒಬ್ಬರಿಗೆ ಆಗೋವಷ್ಟ ಐತಿ, ರಿಹಾನಾ," ಎಂದಳು ಹುಲಿಗೆಮ್ಮ.

ಒಳಗಿನಿಂದ ಯಂಕೋಬ ಹೇಳಿದ: "ಕೊಟ್ಟು ಕಳಿಸು. ಆ ಕೂಸಿಗೆ ಹಾಲು ಯಾರು ಕುಡಿಸ್ತಾರ?"

"ನಿನ್ನ ಕೈ?"

"ಕಡಿಸ್ಕೊಂತೀನಿ."

ಕಡಿದ ಗಾಯಕ್ಕೂ ಲೋಳೆ ಬೇಕೆಂಬುದು ಇಬ್ಬರಿಗೂ ಗೊತ್ತಿತ್ತು. ಹುಲಿಗೆಮ್ಮ ಮೀನನ್ನು ಮಡಿಲಲ್ಲಿಟ್ಟುಕೊಂಡು ತಲೆಯಿಂದ ಬಾಲದವರೆಗೆ ಕೆರೆದಳು. ಅದು ಒದ್ದಾಡಲೂ ಇಲ್ಲ.

ಬಾಣಂತಿ ಉಳಿದಳು. ಕೈ ಕಡಿಸಿಕೊಂಡ ಯಂಕೋಬ ವಾರ ಕಳೆಯುವಷ್ಟರಲ್ಲಿ ನಂಜೇರಿ ತೀರಿಕೊಂಡ.

ಮಣ್ಣು ಮಾಡಿದ ಮರುದಿನ ರಿಹಾನಾ ಮೊಮ್ಮಗನನ್ನು ಎತ್ತಿಕೊಂಡು ಬಂದು ಹೊಸ್ತಿಲ ಹೊರಗೆ ನಿಂತಳು. "ಒಮ್ಮೆ ಎತ್ಕೋ ಅಕ್ಕಾ. ನಿಮ್ಮ ಮನಿಯಿಂದ ತಾಯಿ ಮಗ ಉಳದಾರ."

ಕೂಸು ಹಾಲುಂಡು ಮಲಗಿತ್ತು. ಹುಲಿಗೆಮ್ಮ ಅದರ ಮುಖವನ್ನೇ ಬಹಳ ಹೊತ್ತು ನೋಡಿದಳು. ಕೈ ಮಾತ್ರ ಚಾಚಲಿಲ್ಲ.

"ಇನ್ನೊಂದಿನ ಕರ್ಕೊಂಡು ಬಾ," ಎಂದಳು. "ಇವತ್ತು ನನ್ನ ಕೈಲಿ ಆಗಂಗಿಲ್ಲ."