ಒಂದು ಗೇಣು ಮೇಲೆ

ನೂಲಿಗೆ ಹಚ್ಚುವ ಗಂಜಿಯ ಹುಳಿವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ನಿಂತಲ್ಲಿ ನಿಲ್ಲಲು ಆಗುವುದಿಲ್ಲ.

ಆ ವರ್ಷ, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರುತ್ತಿದ್ದ ನಮ್ಮ ಎತ್ತರದ ಅಜ್ಜ ತೀರಿಕೊಂಡಿದ್ದ. ಕ್ರಿಸ್‌ಮಸ್ಸಿಗೆ ಎರಡೇ ದಿನ ಉಳಿದಿತ್ತು. ಬನಹಟ್ಟಿಯ ನಮ್ಮ ಓಣಿಯಲ್ಲಿ ನಕ್ಷತ್ರ ತೂಗುತ್ತಿದ್ದುದು ನಮ್ಮ ಮನೆಯೊಂದರಲ್ಲೇ.

"ಈ ವರ್ಷ ಚುಕ್ಕಿ ಕಟ್ಟೂದಿಲ್ಲ. ಸಾವಿನ ಮನಿ ಐತಿ," ಎಂದಿದ್ದಳು ಅವ್ವ. ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಾನು ಮಾತ್ರ ಒಳಗೂ ಹೊರಗೂ ಸುತ್ತುತ್ತಲೇ ಇದ್ದೆ.

ಮಧ್ಯಾಹ್ನ ತಡೆಯಲಾಗದೆ ಅಜ್ಜ ಕಟ್ಟಿದ್ದ ಬಿದಿರಿನ ಚುಕ್ಕಿಯನ್ನು ಅಟ್ಟದಿಂದ ಇಳಿಸಿದೆ. ಕಾಗದವೆಲ್ಲ ಹರಿದಿತ್ತು. ಅಂಟಿಗೆಂದು, ನಾವು ಕಾಕು ಎಂದು ಕರೆಯುತ್ತಿದ್ದ ಪಕ್ಕದ ಮನೆಯ ನೇಕಾರ ಹೆಂಗಸಿನ ಗಂಜಿ ಪಾತ್ರೆಗೆ ಬಟ್ಟಲು ಅದ್ದುವಾಗ ಸಿಕ್ಕಿಬಿದ್ದೆ.

"ಗಂಜಿ ಯಾಕಬೇ ನಿನಗ?"

"ಸುಮ್ನ."

ಅವಳು ನನ್ನ ಕೈಯಲ್ಲಿದ್ದ ಕೆಂಪು ಕಾಗದ ನೋಡಿ ಮಗ್ಗ ಬಿಟ್ಟೆದ್ದಳು. ಚುಕ್ಕಿ ತರಿಸಿ ತಾನೇ ಕೂತು ಅಂಟಿಸಿದಳು. "ಗಂಜಿ ಆರೂತನಕಾ ಮುಟ್ಟಬ್ಯಾಡ," ಎಂದಳು. ನಾನು ಹತ್ತು ಸಲ ಮುಟ್ಟಿದೆ. ಆಮೇಲೆ ಚುಕ್ಕಿ, ಸ್ಟೂಲು ಎರಡನ್ನೂ ಹೊತ್ತು ನಮ್ಮ ಮನೆಗೆ ಬಂದಳು. ಅವ್ವ ಬೇಡವೆಂದಳು.

"ನೀವು ಕಟ್ಟಬಾರದು, ಖರೆ. ಸಾವಿನ ಮನಿಗೆ ಹಬ್ಬದ ಹೋಳಿಗಿ ಮಂದಿನ ತರ್ತಾರಲ್ಲ? ಇದೂ ಹಂಗ ತಿಳ್ಕೊ," ಎಂದು ಕಾಕು ಬಾಗಿಲ ಮುಂದೆ ಸ್ಟೂಲು ಹತ್ತಿದಳು.

ಗಂಟು ಬಿಗಿಯುವಾಗ ಅಜ್ಜಿ ಈಚೆ ಹೊರಳಿದಳು.

"ಇನ್ನೊಂದ ಗೇಣು ಮ್ಯಾಲ ಕಟ್ಟವಾ. ಅವ್ರ ತಲಿಗೆ ಬಡಿತೈತಿ."

ಕಾಕು ಅವ್ವನ ಮುಖ ನೋಡಿದಳು. ಮತ್ತೆ ಗಂಟು ಬಿಚ್ಚಿ, ಒಂದು ಗೇಣು ಮೇಲೆ ಕಟ್ಟಿದಳು.