ಎರಡು ಓಟಿನ ಮನೆ

"ಒಳಗೆ ಬಾಗಿಲು ಹಾಕ್ಕೊಂಡು ಒಬ್ಳೇ ಏನು ಕಿಸಿಕಿಸಿ ನಗ್ತಿದ್ದೀಯ?" ಓನ್ನಿ ಹೊರಗಿನಿಂದ ಕೂಗಿದ.

"ಓಟು ಹಾಕ್ತಿದ್ದೀನಿ ಮಾರಾಯ! ಸುಮ್ನಿರು, ಹೆಸರು ಕೇಳಿಸ್ತಿಲ್ಲ!"

ಅವನ ಹೆಂಡತಿ ಲೆಂಪಿಗೆ ಹುಟ್ಟಿನಿಂದ ಕಣ್ಣು ಕಾಣದು. ಮದುವೆಯಾದಂದಿನಿಂದ, ಅಂಚೆಯಲ್ಲಿ ಬರುವ ಅವಳ ಮತಪತ್ರವನ್ನು ಓನ್ನಿಯೇ ಓದಿ, ಅವಳು ಹೇಳಿದ ಹೆಸರಿಗೆ ಗುರುತು ಹಾಕುತ್ತಿದ್ದ. ಈ ಸಲ ಮತಪತ್ರ ಕಂಪ್ಯೂಟರಿಗೇ ಬಂದಿತ್ತು. ಅದು ಹೆಸರುಗಳನ್ನು ಅವಳ ಕಿವಿಯಲ್ಲಿ ಓದುತ್ತದೆ, ಅವಳು ಗುಂಡಿ ಒತ್ತಿ ಆರಿಸುತ್ತಾಳೆ. ಮುದ್ರಿಸಿ, ಲಕೋಟೆಗೆ ಹಾಕಿ, ಸಹಿ ಮಾಡಿ ಕಳಿಸಿದರೆ ಮುಗಿಯಿತು, ನಡುವೆ ಗಂಡನ ಅಗತ್ಯವೇ ಇಲ್ಲ.

ಓನ್ನಿಗೆ ಅದೇ ತಲೆನೋವು. ಅವನ ಅಣ್ಣ ಆರ್ವಿಡ್ ಟೌನ್‌ಶಿಪ್ಪಿನ, ಅಂದರೆ ಊರಾಡಳಿತದ, ಮುಖ್ಯಸ್ಥನಾಗಲು ಚುನಾವಣೆಗೆ ನಿಂತಿದ್ದ. ಮೊನ್ನೆ ಸೌನಾದ ಬಿಸಿ ಹಬೆಯ ಕೋಣೆಯಲ್ಲಿ ಬೆವರು ಒರೆಸಿಕೊಳ್ಳುತ್ತ, "ನಿಮ್ಮನೇದು ಎರಡು ಓಟು, ಬರ್ಕೊಂಡಿದ್ದೀನಿ" ಎಂದು ಗದರಿಸುವಂತೆ ಹೇಳಿದ್ದ. ತಲೆ ನರೆತರೂ ಓನ್ನಿಗೆ ಅಣ್ಣನ ಮಾತೆಂದರೆ ಸುಗ್ರೀವಾಜ್ಞೆ.

"ಅಣ್ಣನ ಹೆಸರು ಓದ್ತಾ ಅದು?"

"ಓದ್ತು. ಅವನಷ್ಟು ಗಂಟಲು ಹರ್ಕೊಳ್ಳಲ್ಲ, ಪಾಪ."

"ಒತ್ತಿದ್ಯಾ?"

"ಒತ್ತಿದೆ. ಎಲ್ಲಿ ಅಂತ ಮಾತ್ರ ಕೇಳ್ಬೇಡ!"

ಒಳಗೆ ಪ್ರಿಂಟರ್ ಕೆಮ್ಮುತ್ತ ಕಾಗದ ಉಗುಳಿತು. ಆಮೇಲೆ ಬಾಗಿಲು ತೆರೆಯಿತು. ಲೆಂಪಿ ಹಾಳೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅವಳ ನಗು ಇಳಿದಿತ್ತು.

"ಇದರ ಮೇಲೆ ಮಸಿ ಬಿದ್ದಿದೆಯಾ ನೋಡು. ಖಾಲಿ ಹಾಳೆ ಕಳಿಸಿದ್ರೆ ನನ್ನ ಓಟು ಮಣ್ಣುಪಾಲು."

ಓನ್ನಿ ಹಿಗ್ಗಿ ಕೈಚಾಚಿದ. ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಿತ್ತು!

"ತಡಿ. ಮೊದ್ಲು ಕನ್ನಡಕ ಇಲ್ಲಿ ಕೊಡು."

"ಅದಿಲ್ದೆ ನಂಗೇನು ಕಾಣುತ್ತೆ?"

"ಮಸಿ ಕಾಣುತ್ತೆ, ಹೆಸರು ಕಾಣಲ್ಲ. ನಂಗೆ ಬೇಕಾಗಿರೋದೂ ಅಷ್ಟೇ."

ಕನ್ನಡಕ ಅವಳ ಏಪ್ರನ್ ಜೇಬು ಸೇರಿತು. ಓನ್ನಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ, ಮೂಗಿನ ಹತ್ತಿರ ತಂದ, ಮತ್ತೆ ದೂರ ಮಾಡಿದ. ಕಪ್ಪು ಇರುವೆಗಳ ಸಾಲು. ಎಷ್ಟು ತಿಣುಕಿದರೂ ಅವುಗಳಲ್ಲಿ ಅಣ್ಣ ಯಾರೆಂದು ಗೊತ್ತಾಗಲಿಲ್ಲ.

"ಮಸಿ ಬಿದ್ದಿದೆ."

"ಕಣ್ಣು ಕಿರಿದು ಮಾಡ್ಕೊಂಡು ಓದ್ತಿದ್ದೀಯಾ?"

"ದೇವರಾಣೆ ಇಲ್ಲ!"

"ಮತ್ತೆ ಉಸಿರು ಯಾಕೆ ಬಿಗಿ ಹಿಡಿದಿದ್ದೀಯ? ಕಳ್ಳ! ಕೊಡಿಲ್ಲಿ!"

ಹಾಳೆ ಕಸಿದುಕೊಂಡು ಮಡಚಿದಳು, ಲಕೋಟೆಗೆ ತುರುಕಿದಳು, ಅಂಟು ನೆಕ್ಕಿ ಮುಚ್ಚಿದಳು. ಲಕೋಟೆಯ ಮೇಲೆ ಸಹಿ ಹಾಕುವ ಜಾಗಕ್ಕೆ ಅವಳ ಬೆರಳು ತಂದಿಡುವ ಕೆಲಸವೊಂದೇ ಓನ್ನಿಗೆ ಉಳಿದದ್ದು. ಸಹಿ ಮುಗಿದದ್ದೇ ತಡ, ಲೆಂಪಿ ಅವನ ಎರಡೂ ಕೈ ಹಿಡಿದು ಅಡುಗೆಮನೆಯಲ್ಲಿ ಗಿರಗಿರನೆ ತಿರುಗಿಸಿದಳು. ಕುರ್ಚಿ ಉರುಳಿತು. ಅವಳ ಖುಷಿ ಕಂಡು ಓನ್ನಿಗೂ ನಗು ತಡೆಯಲಾಗಲಿಲ್ಲ.

"ನಿನ್ನಿಂದ ಮುಚ್ಚಿಟ್ಟ ಮೊದಲನೇ ಗುಟ್ಟು ಕಣೋ ಇದು! ಎಷ್ಟು ಚೆನ್ನಾಗಿದೆ ಗೊತ್ತಾ?"

"ನಿಂಗೆ ಚೆನ್ನ. ಒಂದು ಓಟು ಕಮ್ಮಿಯಾದ್ರೆ ಆರ್ವಿಡ್ ನನ್ನ ಜೀವ ತಿಂತಾನೆ."

"ತಿನ್ಲಿ ಬಿಡು. ಕಮ್ಮಿಯಾದದ್ದು ನಂದೋ ನಿಂದೋ ಅಂತ ಅವನಿಗೆ ಯಾರು ಹೇಳ್ತಾರೆ?"

ಓನ್ನಿಯ ನಗು ಥಟ್ಟನೆ ನಿಂತಿತು. ಇದು ಅವನಿಗೆ ಹೊಳೆದೇ ಇರಲಿಲ್ಲ.

ಲೆಂಪಿ ಕನ್ನಡಕ ವಾಪಸು ಕೊಟ್ಟು, ಏಲಕ್ಕಿ ಬ್ರೆಡ್ಡು ಕೊಯ್ಯಲು ಹೋದಳು. ಓನ್ನಿ ಮೇಜಿನ ಮುಂದೆ ಕೂತು ತನ್ನ ಮತಪತ್ರ ಬಿಡಿಸಿದ. ಪೆನ್ನು ಅಣ್ಣನ ಹೆಸರಿನ ಎದುರು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮೆಲ್ಲಗೆ ಅದರ ಕೆಳಗಿನ ಹೆಸರಿಗೆ ಇಳಿಯಿತು.

"ಕಾಫಿ ಆರ್ತಿದೆ, ಏನ್ಮಾಡ್ತಿದ್ದೀಯ ಅಲ್ಲಿ?" ಎಂದು ಲೆಂಪಿ ಅವನ ಕಡೆ ತಿರುಗಿದಳು.

ಓನ್ನಿ, ಕಣ್ಣು ಕಾಣದ ಹೆಂಡತಿಗೆ ಎಲ್ಲಿ ಕಂಡುಬಿಡುತ್ತದೋ ಎಂದು, ಎಡಗೈಯನ್ನು ಮತಪತ್ರದ ಮೇಲೆ ಅಡ್ಡ ಹಿಡಿದುಕೊಂಡ.